ಬಲಭುಜದ ಸಿಂಧೂರ

ಅರವತ್ತರ ದಶಕದಲ್ಲಿ ನಾನು ಹೆಬ್ಬಾಳದಿಂದ ಬಸ್ಸು ಹಿಡಿದು ಮೆಡಿಕಲ್ ಕಾಲೇಜಿನ ಅಂಗರಚನಾ ವಿಭಾಗದ ಕೆಲಸಕ್ಕೆ ಹೋಗುತ್ತಿದ್ದೆ. ಹೆಣದ ರಕ್ತನಾಳಕ್ಕೆ ಸಿಂಧೂರ ಕಲಸಿದ ಜೆಲಟಿನ್ ತುಂಬಿಸಿ ಎಕ್ಸ್‌ರೇ ತೆಗೆಯುವುದು ನನ್ನ ಪಾಲಿನ ಕೆಲಸ. ಸಿಂಧೂರ ಸೀಸದ್ದಾದ್ದರಿಂದ ನಾಳಗಳು ಫಿಲ್ಮಿನಲ್ಲಿ ಬೆಳ್ಳಗೆ ಮೂಡುತ್ತಿದ್ದವು. ಸುಟ್ಟ ರೋಗಿಗಳಿಗೆ ಎಲ್ಲಿಯ ಚರ್ಮ ಎತ್ತಿ ಹೊಲಿದರೆ ಅದು ಬದುಕುತ್ತದೆಂದು ನಮ್ಮ ಸರ್ಜನ್ ಅದನ್ನು ನೋಡಿ ತೀರ್ಮಾನಿಸುತ್ತಿದ್ದರು.

ಆಗ ಪುಟ್ಟೇನಹಳ್ಳಿಯ ಯುವತಿಯೊಬ್ಬಳು ಬಂದಿದ್ದಳು. ಒಲೆಯ ಬೆಂಕಿ ತಗುಲಿ ಗದ್ದ ಎದೆಗೆ ಅಂಟಿಕೊಂಡಿತ್ತು. ಎಡಭುಜವೂ ಸುಟ್ಟಿದ್ದರಿಂದ ಬಲಭುಜದ ಚರ್ಮವೊಂದೇ ದಾರಿ.

ಅಲ್ಲಿನ ನಾಳ ಹೇಗಿರುತ್ತವೆಂದು ನೋಡಲು ಒಂದು ಹೆಣದ ಎರಡೂ ಭುಜಕ್ಕೆ ತುಂಬಿಸತೊಡಗಿದೆ; ಎಡಭುಜ ಮುಗಿಯುವಷ್ಟರಲ್ಲಿ ಸಿಂಧೂರ ಖಾಲಿಯಾಯಿತು. ಯಶವಂತಪುರದಲ್ಲಿ ಪೂಜೆ ಸಾಮಾನು ಮಾರುವ ಗ್ರಂಧಿಗೆ ಅಂಗಡಿಯಿಂದ ಸಿಂಧೂರ ಕೇಳಿ ಒಂದು ಪೊಟ್ಟಣ ತಂದೆ. ಹೆಣಕ್ಕೆಂದು ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ಬಣ್ಣ ಕೊಂಚ ಕಡುಗೆಂಪೆನಿಸಿದರೂ ಹೊಸ ಮಾಲಿರಬೇಕು ಎಂದುಕೊಂಡೆ. ಫಿಲ್ಮಿನಲ್ಲಿ ಎಡಗಡೆ ನಾಳಗಳು ಚೆನ್ನಾಗಿ ಕಂಡವು, ಬಲಗಡೆ ಏನೇನೂ ಇಲ್ಲ. ಬಲಭುಜವನ್ನು ನಂಬುವಂತಿಲ್ಲ ಎಂದು ಸರ್ಜನ್ ಆಪರೇಷನ್ ಕೈಬಿಟ್ಟರು. ಅದನ್ನು ಅವಳಿಗೆ ಹೇಳಿ ಊರಿಗೆ ಕಳಿಸಿದವಳು ನಾನೇ.

ಮನಸ್ಸು ತಡೆಯದೆ ಆ ಭುಜವನ್ನು ಬಿಡಿಸಿ ನೋಡಿದೆ. ನಾಳದ ತುಂಬ ಕೆಂಪು! ನಾಳವಿದೆ, ಬಣ್ಣವಿದೆ, ಫಿಲ್ಮಿನಲ್ಲಿ ಮಾತ್ರ ಇಲ್ಲ. ಫಿಲ್ಮನ್ನು ಹಿಂದುಮುಂದು ಮಾಡಿ ನೋಡಿದೆ, ಬೇರೆ ಹೆಣದ್ದೇನೋ ಎಂದು ಚೀಟಿ ಓದಿದೆ. ಎರಡು ದಿನ ತಲೆ ಕೆಟ್ಟುಹೋಗಿ, ನನ್ನ ಕಣ್ಣನ್ನೇ ನಾನು ನಂಬದಾದೆ.

ಇನ್ನೊಮ್ಮೆ ಮಾಡಿಯೇ ನೋಡೋಣವೆಂದು ಅದೇ ಅಂಗಡಿಗೆ ಹೋಗಿ ಸಿಂಧೂರ ಕೇಳಿದೆ. ಅಂಗಡಿಯಾತ ಅಕ್ಕರೆಯಿಂದಲೇ ಹೇಳಿದ:

"ಅದು ಸೀಸದ್ದು ಕಣಮ್ಮ, ದೇವ್ರ ವಿಗ್ರಹಕ್ಕೆ ಸರಿ. ನಿಮ್ಮಂಥ ಹೆಣ್ಮಕ್ಳು ಹಣೆಗಿಟ್ಕೊಂಡ್ರೆ ಕೆಟ್ಟದ್ದು. ಅದಕ್ಕೇ ಹೋದ್ಸಲ ಅರಿಶಿನದಲ್ಲಿ ಮಾಡಿದ್ ಕುಂಕುಮ ಕಟ್ಟಿಕೊಟ್ಟೆ."

ಸೀಸವಿಲ್ಲದ ಕುಂಕುಮ ಫಿಲ್ಮಿನಲ್ಲಿ ಮೂಡುವುದಾದರೂ ಹೇಗೆ! ಅವನ ಮೇಲೆ ಸಿಟ್ಟು ಬಂತು, ಆದರೆ ಯಾತಕ್ಕೆಂದು ಬಾಯಿ ಬಿಟ್ಟು ಹೇಳದವಳು ನಾನು. ನಿಜವಾದ ಸಿಂಧೂರ ತಂದು ಇನ್ನೊಂದು ಹೆಣಕ್ಕೆ ತುಂಬಿಸಿದಾಗ ಬಲಭುಜದ ನಾಳಗಳು ಎಡದಷ್ಟೇ ಚೆನ್ನಾಗಿ ಮೂಡಿದವು. ಸರ್ಜನ್ ಬೈದು, ಅವಳನ್ನು ಕರೆತರಲು ಹೇಳಿದರು.

ಪುಟ್ಟೇನಹಳ್ಳಿಯಲ್ಲಿ ಅವಳ ಮನೆ ಹುಡುಕಿ ಬಾಗಿಲಲ್ಲಿ ನಿಂತೆ. ತಲೆಯೆತ್ತಲಾಗದ ಅವಳು ನನ್ನ ಚಪ್ಪಲಿ ನೋಡಿಯೇ ಗುರುತಿಸಿದಳು. ಬಲಭುಜದ ಚರ್ಮ ಆಗುತ್ತದೆ, ನಾಳವಿದೆ ಎಂದೆ.

"ಇಲ್ಲ ಅಂದಿದ್ರಲ್ಲಕ್ಕ, ಈಗ ಎಲ್ಲಿಂದ ಬಂತು?"

ತಪ್ಪು ನನ್ನದು ಎಂದಷ್ಟೇ ಹೇಳಲಾಯಿತು. ನಾಳೆ ಬಾ ಎನ್ನುವಷ್ಟರಲ್ಲಿ ಅವಳು ಒಳಗಿಂದ ಸೀರೆಯ ಗಂಟು ತಂದು ನನ್ನ ಚಪ್ಪಲಿಯ ಪಕ್ಕದಲ್ಲಿಟ್ಟು, "ನಡೀರಿ, ಇಂಗೇ ಬತ್ತೀನಿ" ಎಂದಳು.