ಮುನಿಸು ಬಣ್ಣದ ಗೋಡೆ

ಬಣ್ಣದಂಗಡಿಯಲ್ಲಿ ಮೂವತ್ತೈದು ವರ್ಷ ಬಣ್ಣ ಕಲಸಿದ ಆತನನ್ನು ಊರೆಲ್ಲ ಕರೆಯುವುದು ಕಲಕಪ್ಪ ಎಂದೇ. ಅವನಿಗಿಂತ ಹೆಚ್ಚು ಹೆಸರು ಮಾಡಿದ್ದು ಅವನ ಮನೆಯಲ್ಲಿ ಹುಟ್ಟಿದ ಬಣ್ಣವೊಂದು: ಮುನಿಸು. ತೆಳು ಗುಲಾಬಿ, ಒಳಗೆಲ್ಲೋ ಮೋಡ ಕವಿದಂಥ ನೀಲಿ. "ಎರಡು ಲೀಟರ್ ಮುನಿಸು ಕೊಡಿ" ಎಂದು ಗಿರಾಕಿಗಳು ನಗದೆಯೇ ಕೇಳುತ್ತಾರೆ.

ಮದುವೆಯಾದ ವರ್ಷ ಹೆಂಡತಿ ಮೂರು ದಿನ ಮಾತು ಬಿಟ್ಟಿದ್ದಳು. ಒಲಿಸಲೆಂದು ಕಲಕಪ್ಪ ಅವಳಿಷ್ಟದ ಗುಲಾಬಿ ಡಿಸ್ಟೆಂಪರನ್ನು ಮಲಗುವ ಕೋಣೆಗೆ ಬಳಿದ. ಒಣಗಿದ ಮೇಲೆ ನೋಡಿದರೆ ಅದು ಗುಲಾಬಿಯಾಗಿರಲಿಲ್ಲ.

"ಇದೇನ್ರೀ, ಗೋಡೆನೂ ನನ್ನ ಥರ ಮುನಿಸ್ಕೊಂಡಿದೆ!" ಎಂದು ಅವಳು ಬಾಯಿಬಿಟ್ಟಳು.

"ನಿನ್ನ ಮುಖ ನೋಡಿಯೇ ಕಲಸಿದ್ದು."

ಶುದ್ಧ ಸುಳ್ಳು. ಆ ಸುಳ್ಳಿನ ಮೇಲೆಯೇ ಅವನ ಹೆಸರು ನಿಂತಿತು. ಅಂಗಡಿಯಲ್ಲಿ ಮಾರಿದ್ದು ಅದರ ದೂರದ ನೆಂಟ. ಅಸಲು ಮುನಿಸು ಆ ಕೋಣೆಯಲ್ಲಿ ಮಾತ್ರ.

ಕಳೆದ ತಿಂಗಳು ಪೈಪ್ ಸೋರಿ ಗೋಡೆ ಒಡೆಯಬೇಕಾಯಿತು. ಮೊರದಗಲ ಹೊಸ ಗಾರೆ.

"ಅದೇ ಬಣ್ಣ ಬರಬೇಕು. ಇಲ್ಲಾಂದ್ರೆ ಕೋಣೆಗೆಲ್ಲ ಬಿಳಿ ಹೊಡಿಸ್ತೀನಿ" ಎಂದಳು ಹೆಂಡತಿ.

ಕಲಕಪ್ಪ ಒಂಬತ್ತು ಡಬ್ಬಿ ಕಲಸಿದ. ಅಂಗಡಿಯ ಬಣ್ಣ ಹೊಂದಿಸುವ ಯಂತ್ರಕ್ಕೂ ಗೋಡೆಯ ಚೂರು ತೋರಿಸಿದ. ಒಂದೂ ಹೊಂದಲಿಲ್ಲ. ಕೊನೆಗೆ ಮಂಚದ ತುದಿಯಲ್ಲಿ ಕೂತ.

"ಅದು ನಾನು ಕಲಸಿದ್ದಲ್ಲ ಕಣೆ. ಕಲಕೋ ಕೋಲು ತೊಳೆದಿರ್ಲಿಲ್ಲ. ಹಿಂದಿನ ದಿನದ ಯಾವುದೋ ನೀಲಿ ಅಂಟ್ಕೊಂಡಿತ್ತು. ಯಾವ ನೀಲಿ ಅಂತ ಇವತ್ತಿಗೂ ಗೊತ್ತಿಲ್ಲ."

ಅವಳಿಗೆ ಅಚ್ಚರಿಯಾಗಲಿಲ್ಲ. "ಬೀರು ಸರಿಸಿ."

ಬೀರುವಿನ ಹಿಂದೆ, ಮೊಣಕಾಲೆತ್ತರದಲ್ಲಿ, ಕರಗದ ಬಣ್ಣದ ಗಂಟೊಂದು ಬ್ರಷ್ಷಿಗೆ ಸಿಕ್ಕಿ ಎಳೆದ ಗೇಣುದ್ದದ ಗೆರೆ. ಶಾಲೆಯ ಗೋಡೆಗೆ ಬಳಿಯುವ ಕಡುನೀಲಿ.

"ನಿಂಗೆ ಗೊತ್ತಿತ್ತಾ?"

"ಅವತ್ತೇ. ಬೀರು ಇಲ್ಲಿಗೆ ತಳ್ಳಿಸಿದ್ದು ಯಾಕಂದ್ಕೊಂಡ್ರಿ? ಬಂದೋರ ಮುಂದೆ ನಿಮ್ಮ ಮಾನ ಹರಾಜಾಗ್ಬೇಕಿತ್ತಾ?"

ಅವನು ಶಾಲೆಯ ನೀಲಿ ತಂದು, ಕೋಲನ್ನು ಅದ್ದಿ, ಒಂದಿಡೀ ದಿನ ಕಿಟಕಿಯ ಬಳಿ ಒಣಗಿಸಿದ. ಮರುದಿನ ಅದೇ ಕೋಲಿನಲ್ಲಿ ಗುಲಾಬಿ ಕಲಕಿ ಗಾರೆಯ ಮೇಲೆ ಬಳಿದ.

ವಾರ ಬಿಟ್ಟು ಪೈಪ್ ನೋಡಲು ಬಂದ ಪ್ಲಂಬರ್ ಗೋಡೆಯನ್ನು ಸವರಿ ಸವರಿ ನೋಡಿದ. "ನಾನು ಒಡೆದಿದ್ದು ಎಲ್ಲಿ? ಏನ್ ಕೈಚಳಕ ಕಲಕಪ್ಪ ನಿಂದು!"

ಕಲಕಪ್ಪ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಬೀರುವಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ನನ್ನ ಮುಖ ನೋಡಿ ಕಲಸ್ತಾರೆ" ಎಂದಳು.