ತೊಳೆಯದ ಮೂರು ಮರಿಗಳು

ಅಕ್ಕನ ಕೈ ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಬೆರಳ ಸಂದಿಯಲ್ಲೆಲ್ಲ ಬಿರುಕು. ನನ್ನ ಮಗುವನ್ನು ಎತ್ತಿಕೊಳ್ಳುವ ಮೊದಲು ಅದಕ್ಕೆ ಹಚ್ಚುವ ಎಣ್ಣೆಯನ್ನೇ ಕೈಗೆ ಸವರಿಕೊಳ್ಳುತ್ತಾಳೆ, ಎಳೆ ಮೈ ತರಚೀತೆಂದು.

ಹಂದಿ ಫಾರ್ಮಿನಲ್ಲಿ ಹದಿನಾಲ್ಕು ವರ್ಷದಿಂದ ಫೀಡು ಬೆರೆಸುವವಳು ಅವಳೇ. ಹಿಡಿ ಉಪ್ಪನ್ನೂ ತೂಗದೆ ಹಾಕದ ಅವಳಿಗೆ ಅಲ್ಲಿ ‘ತಕ್ಕಡಿ’ ಎಂದೇ ಹೆಸರು. ಈ ಸಲ ಮೆಕ್ಕೆಜೋಳ ಸಿಗಲಿಲ್ಲವೆಂದು ಮ್ಯಾನೇಜರು ತೌಡನ್ನು ಎರಡರಷ್ಟು ಹಾಕಿಸಿದ. ಇಷ್ಟು ನಾರು ಮರಿಗಳಿಗೆ ಆಗಿಬರುವುದಿಲ್ಲ ಎಂದಳು. ಹೊಟ್ಟೆ ತುಂಬಿದರೆ ಸಾಕು ಎಂದ. ಮರಿಗಳು ಸೊರಗಿದವು. ಮೂಳೆಗೆ ಬಲ ಬರಲೆಂದು ಸುಣ್ಣದ ಪುಡಿಯನ್ನೂ ಹೆಚ್ಚಿಸಿದ. ತಿಂಗಳೊಳಗೆ ಅವುಗಳ ಕಾಲು, ಹೊಟ್ಟೆ, ಕಿವಿಯ ಹಿಂದೆಲ್ಲ ಮರದ ತೊಗಟೆಯಂಥ ಹಕ್ಕಳೆ.

ಆಗ ಆ ಪುಣ್ಯಾತ್ಮ ಎಲ್ಲರೆದುರು ಹೇಳಿದ್ದು: “ಎಲ್ಲಾ ನಿನ್ನ ಕೊಳಕುತನ. ದಿನಕ್ಕೆ ಮೂರು ಸಲ ಔಷಧಿ ನೀರಲ್ಲಿ ತೊಳಿ. ಹದಿನೈದು ದಿನದಲ್ಲಿ ವಾಸಿ ಆಗದಿದ್ರೆ ಇನ್ನು ಬರಬೇಡ.”

ತೊಳೆದೂ ತೊಳೆದೂ ಅವಳ ಕೈ ಹೀಗಾಯಿತು, ಮರಿಗಳ ಹಕ್ಕಳೆ ಹೋಗಲಿಲ್ಲ. ನಾಲ್ಕನೇ ದಿನವೇ ದನದ ಡಾಕ್ಟರನ್ನು ತಾನೇ ಹುಡುಕಿಕೊಂಡು ಹೋದಳು. ಇದು ಕೊಳೆಯಲ್ಲ, ಸತುವಿನ ಕೊರತೆ ಎಂದರಂತೆ ಅವರು. ತೌಡಿನ ನಾರು, ಅದರ ಜೊತೆಗಿರುವ ಒಂದು ಆಮ್ಲ, ಎರಡೂ ಸತುವನ್ನು ಹಿಡಿದುಕೊಳ್ಳುತ್ತವೆ; ಸುಣ್ಣ ಹೆಚ್ಚಾದರೆ ಆ ಹಿಡಿತ ಇನ್ನೂ ಬಿಗಿ. ತಿಂದ ಸತು ಮೈಗೆ ಹತ್ತದೆ ಹಿಕ್ಕೆಯಲ್ಲಿ ಹೋಗುತ್ತದೆ.

ಇದನ್ನು ಹೇಳಿದರೆ ಮ್ಯಾನೇಜರು, ನೀನ್ಯಾವಾಗ ಡಾಕ್ಟರಾದೆ ಎಂದು ನಕ್ಕನಂತೆ. ಅಕ್ಕ ಅವನಿಗೆ ತಿಳಿಸದೆ, ತೀರಾ ಹಾಳಾಗಿದ್ದ ಮೂರು ಮರಿಗಳನ್ನು ಮೂಲೆಯ ಗೂಡಿಗೆ ಹಾಕಿದಳು. ತಾನೇ ಹೊರಗಿಂದ ತಂದ ಒಂದಿಷ್ಟು ಮೆಕ್ಕೆಜೋಳ ಬೆರೆಸಿ ಹಳೆಯ ಲೆಕ್ಕದ ಫೀಡು, ಡಾಕ್ಟರು ಕೊಟ್ಟ ಸತುವಿನ ಪುಡಿ, ಅಷ್ಟೇ. ಅವನ್ನು ತೊಳೆಯಲೇ ಇಲ್ಲ. ಸಿಕ್ಕಿಬಿದ್ದರೆ ಗತಿಯೇನೆಂದು ನಾನು ಬೈದೆ.

“ಕೆಲ್ಸ ಹೋದ್ರೆ ಹೋಗ್ಲಿ ಕಣೇ. ಕೊಳಕಿ ಅನ್ನಿಸ್ಕೊಂಡು ನಾನು ಅಲ್ಲಿರಲ್ಲ.”

ಹದಿನೈದನೇ ದಿನ ಮಾಲೀಕರು ಬಂದರು. ಆ ಮೂರರ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮ್ಯಾನೇಜರು ನಾಚಿಕೆಯಿಲ್ಲದೆ ಅವನ್ನೇ ತೋರಿಸಿ, ತಾನು ಬೆನ್ನು ಹತ್ತಿ ತೊಳೆಸಿದ್ದಕ್ಕೆ ಹೀಗಾದವು ಎಂದ.

“ಇವಕ್ಕೆ ಒಂದು ಚೊಂಬು ನೀರೂ ಹಾಕಿಲ್ಲ ಸಾರ್,” ಎಂದಳು ಅಕ್ಕ. “ತೌಡು, ಸುಣ್ಣ ಕಮ್ಮಿ ಮಾಡಿ ಸತು ಕೊಟ್ಟೆ. ತೊಳೆದವೆಲ್ಲ ಆ ಕಡೆ ಇವೆ, ನೋಡಿ.”

ಮಾಲೀಕರು ನೋಡಿದರು. ಎಲ್ಲಕ್ಕೂ ಫೀಡು ಬದಲಿಸಿ ಎಂದು ಕಾರು ಹತ್ತಿದರು. ಮ್ಯಾನೇಜರನ್ನು ಬೈಯಲಿಲ್ಲ, ಅಕ್ಕನನ್ನು ಹೊಗಳಲೂ ಇಲ್ಲ.

ಮರಿಗಳು ಉಳಿದವಲ್ಲ, ಬಿಡೇ ಎನ್ನುತ್ತಾಳೆ ಅವಳು. ನಾನು ಬಿಡುವವಳಲ್ಲ. ಎಲ್ಲರೆದುರು ಕೊಳಕು ಅಂದದ್ದನ್ನು ಆ ಮ್ಯಾನೇಜರು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳಬೇಕು. ನಾಳೆ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನಾನೇ ಫಾರ್ಮಿಗೆ ಹೋಗುತ್ತೇನೆ.