ಆಲೆಮನೆಯ ಊರಿನಲ್ಲಿ ಹಲ್ಲುಜ್ಜಿದ ಕಾಲ

ನನಗೆ ಮೊದಲ ಸಲ ಟೀಚರ್ ಕೆಲಸ ಸಿಕ್ಕಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ, ಆತಗೂರು ಹೋಬಳಿಯ ಒಂದು ಹಳ್ಳಿಯಲ್ಲಿ. ಆಗ ನನಗೆ ಇಪ್ಪತ್ತೊಂದು ವರ್ಷ. ನನ್ನೂರು ಮಳವಳ್ಳಿ. ಅಪ್ಪ ಅಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ದಿನಾ ಓಡಾಡುವಷ್ಟು ಬಸ್ಸುಗಳಿರಲಿಲ್ಲವಾದ್ದರಿಂದ ಅಪ್ಪನೇ ಬಂದು ಒಂದು ಹೆಂಚಿನ ಮನೆಯ ಮುಂದಿನ ಕೋಣೆಯನ್ನು ಗೊತ್ತು ಮಾಡಿ, ಒಂದು ಟ್ರಂಕು, ಒಂದು ಸೀಮೆಎಣ್ಣೆ ಸ್ಟವ್ವು, ಒಂದು ಡಬ್ಬಿ ಕಾಫಿಪುಡಿ ಇಟ್ಟು, ಎರಡು ಸಲ ಹಿಂದಿರುಗಿ ನೋಡಿ ಹೋದರು.

ಆ ಮನೆಯಲ್ಲಿದ್ದವರು ಗಂಡ ಹೆಂಡತಿ ಇಬ್ಬರೇ. ಯಜಮಾನರಿಗೆ ಐವತ್ತು ದಾಟಿತ್ತು. ಆರಡಿಯ ಆಳು, ದಪ್ಪ ಮೀಸೆ, ಮಾತಾಡಿದರೆ ಮೂರು ಮನೆಗೆ ಕೇಳುವ ಗಂಟಲು. ಊರ ಹೊರಗಿನ ಆಲೆಮನೆ ಅವರದೇ. ಕಬ್ಬು ಅರೆಯುವ ಗಾಣದ ಸದ್ದು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಘಮ ಇಡೀ ಊರಿಗೆ ಹರಡಿರುತ್ತಿತ್ತು. ಅವರ ಹೆಂಡತಿಯನ್ನು ಊರೆಲ್ಲ ಅವ್ವ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ.

ಬಂದ ಮರುದಿನ ಬೆಳಿಗ್ಗೆಯೇ ನನ್ನ ಗುಟ್ಟು ರಟ್ಟಾಯಿತು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಪೇಸ್ಟು ಹಾಕಿಕೊಂಡು ಹಲ್ಲುಜ್ಜುತ್ತಿದ್ದೆ. ಉಗುಳಿದರೆ ನೊರೆಯೆಲ್ಲ ಕೆಂಪು. ಕೊಟ್ಟಿಗೆಯಿಂದ ಸಗಣಿ ಬುಟ್ಟಿ ಹೊತ್ತು ಬರುತ್ತಿದ್ದ ಅವ್ವ ಅಲ್ಲೇ ನಿಂತರು.

"ಇದ್ಯಾಕವ್ವಾ, ಬಾಯ್ತುಂಬ ರಕ್ತ?"

"ವಸಡು ವೀಕು ಅವ್ವ. ಟ್ರೈನಿಂಗ್ ಹಾಸ್ಟೆಲ್ಲಿನಲ್ಲಿದ್ದಾಗಿನಿಂದ ಹೀಗೇ. ಬ್ರಷ್ಷು ತಗುಲಿದರೆ ಸಾಕು."

ಅವ್ವ ಬುಟ್ಟಿ ಇಳಿಸಿ, ಕೈ ತೊಳೆದುಕೊಂಡು, ನನ್ನ ಬ್ರಷ್ಷು ಇಸಿದುಕೊಂಡು ಅದರ ಎಳೆಗಳ ಮೇಲೆ ಹೆಬ್ಬೆಟ್ಟು ಆಡಿಸಿದರು. "ಇದು ಅಲ್ಲುಜ್ಜಾದಾ, ಎಮ್ಮೆ ಮೈ ತಿಕ್ಕಾದಾ? ಅದಿರ್ಲಿ, ನೀನು ಉಣ್ಣಾದು ಏನು?"

"ಬೆಳಿಗ್ಗೆ ಕಾಫಿ, ಬ್ರೆಡ್ಡು. ಮಧ್ಯಾಹ್ನ ಅನ್ನ, ಸಾರು. ಸಾಯಂಕಾಲಕ್ಕೂ ಅದೇ ಸಾರು."

"ಸೊಪ್ಪು?"

"ಮಾಡಿಕೊಳ್ಳೋಕೆ ಪುರಸೊತ್ತೆಲ್ಲಿ ಅವ್ವ."

"ಅಣ್ಣು?"

ನಾನು ಬಾಯಿ ಮುಕ್ಕಳಿಸುವ ನೆಪದಲ್ಲಿ ಚೊಂಬಿಗೆ ಬಗ್ಗಿದೆ. ಅವ್ವ ಬುಟ್ಟಿ ಎತ್ತಿಕೊಂಡು, "ಮಕ್ಳಿಗೆ ಪಾಠ ಯೋಳಕ್ಕೆ ಬಂದಿದ್ದೀಯೆ, ನಿಂಗೆ ಉಣ್ಣಾದು ಯೋಳ್ಕೊಡೋರೇ ಇಲ್ವಲ್ಲ ಕಣವ್ವ" ಎಂದು ತಿಪ್ಪೆಯ ಕಡೆ ನಡೆದರು.

ಅಂದಿನಿಂದ ನನ್ನ ಸ್ಟವ್ವು ಕಾಫಿಗೆ ಮಾತ್ರ ಹೊತ್ತುತ್ತಿತ್ತು. ಅವ್ವ ಬೆಳಿಗ್ಗೆ ಗದ್ದೆ ಬದುವಿಗೆ ಹೋದರೆ ಮಡಿಲು ತುಂಬ ಬೆರಕೆ ಸೊಪ್ಪು ಕಿತ್ತು ತರುತ್ತಿದ್ದರು. ಅದರಲ್ಲಿ ಯಾವ ಸೊಪ್ಪು ಯಾವುದೆಂದು ಗುರುತಿಸುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ಅದರ ಬಸ್ಸಾರು, ಕೈಗೆ ಅಂಟದ ಹಾಗೆ ತಟ್ಟಿದ ಮುದ್ದೆ, ನುಗ್ಗೆಸೊಪ್ಪಿನ ಪಲ್ಯ, ಗಟ್ಟಿ ಮಜ್ಜಿಗೆ. ಶಾಲೆಗೆ ಹೊರಟಾಗ ಕೈಗೆ ಒಂದು ಸೀಬೆಕಾಯಿ, ಇಲ್ಲವೆ ಉಪ್ಪುನೀರಿನಲ್ಲಿ ನೆನೆಹಾಕಿದ ಎರಡು ನೆಲ್ಲಿಕಾಯಿ. ಹಲ್ಲುಜ್ಜುವುದಕ್ಕೂ ಅವರದೇ ಪಾಠ. ರಕ್ತ ಬರುತ್ತದೆಂದು ನಾನು ಮುಂದಿನ ವಸಡನ್ನು ಮುಟ್ಟುವುದನ್ನೇ ಬಿಟ್ಟಿದ್ದೆ. ಅಲ್ಲೆಲ್ಲ ಹಳದಿ ಪಾಚಿ ಕಟ್ಟಿತ್ತು. ಅವ್ವ ಎಳೆ ಬೇವಿನ ಕಡ್ಡಿಯನ್ನು ಹತ್ತಿಯಂತಾಗುವವರೆಗೆ ಅಗಿಸಿ, ವಸಡಿನಿಂದ ಹಲ್ಲಿನ ಕಡೆಗೆ ಮೆಲ್ಲಗೆ ಎಳೆಯಲು ಕಲಿಸಿದರು. "ಕಸ ಗುಡ್ಸಂಗೆ ಅಲ್ಲ, ಮಗೀಗೆ ಎಣ್ಣೆ ಸವರಂಗೆ" ಎನ್ನುತ್ತಿದ್ದರು. ಉಪ್ಪು ಹಾಕಿದ ಬಿಸಿನೀರಲ್ಲಿ ಬಾಯಿ ಮುಕ್ಕಳಿಸುವ ತನಕ ಕಾಫಿಗೆ ಹಾಲು ಕೊಡುತ್ತಿರಲಿಲ್ಲ. ನಾನೂ ಅಪ್ಪನಿಗೆ ಕಾಗದ ಬರೆದು ಮೆದು ಎಳೆಯ ಬ್ರಷ್ಷು ತರಿಸಿಕೊಂಡೆ.

ಎರಡು ತಿಂಗಳಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಉಗುಳಿ ನೋಡಿದರೆ ನೊರೆ ಹಾಲಿನಷ್ಟು ಬಿಳಿ. "ಅವ್ವಾ, ಬನ್ನಿ, ಬೇಗ ಬನ್ನಿ!" ಎಂದು ಕೂಗಿದೆ. ಹಾವು ಬಂತೇನೋ ಎಂದು ಅವ್ವ ದೊಣ್ಣೆ ಹಿಡಿದು ಓಡಿ ಬಂದರು. ನಾನು ತೋರಿಸಿದ್ದನ್ನು ನೋಡಿ, "ಉಗುಳು ತೋರ್ಸಕ್ಕೆ ಇಂಗೆ ಕೂಗ್ಕಂಡೇನೇ!" ಎಂದು ಬೈದು, ದೊಣ್ಣೆಯನ್ನು ಅಲ್ಲೇ ಹಾಕಿ, ಕಲ್ಲಿನ ಮೇಲೆ ಕೂತು ನಕ್ಕರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಅಷ್ಟರಲ್ಲಿ ಶಾಲೆಯಲ್ಲಿ ಬೇರೆ ಕಥೆ ಶುರುವಾಗಿತ್ತು. ಕಬ್ಬು ಕಡಿಯುವ ಕಾಲ ಬಂದು ಆಲೆಮನೆಯ ಒಲೆ ಹಗಲೆಲ್ಲ ಉರಿಯುತ್ತಿತ್ತು. ಮಕ್ಕಳು ಬರುವಾಗ ಒಂದು ಸಲ, ಹೋಗುವಾಗ ಒಂದು ಸಲ ಅಲ್ಲಿ ನುಗ್ಗುತ್ತಿದ್ದರು. ಯಜಮಾನರದು ಧಾರಾಳ ಕೈ. ಬಿಸಿ ಬೆಲ್ಲವನ್ನು ಬಾಳೆ ಎಲೆಯ ಚೂರಿಗೆ ಹಾಕಿ ಯಾರು ಕೇಳಿದರೂ ಕೊಡುತ್ತಿದ್ದರು. ಮಕ್ಕಳು ಆ ಉಂಡೆಯನ್ನು ದವಡೆಯಲ್ಲಿಟ್ಟುಕೊಂಡೇ ಕಾಗುಣಿತ ಹೇಳುತ್ತಿದ್ದರು. ಒಂದು ದಿನ ಎರಡನೇ ಕ್ಲಾಸಿನ ಒಬ್ಬಳು ಹುಡುಗಿ ಕೆನ್ನೆ ಹಿಡಿದುಕೊಂಡು ಬಿಕ್ಕತೊಡಗಿದಳು. ಬಾಯಿ ತೆಗೆಸಿ ನೋಡಿದೆ. ದವಡೆ ಹಲ್ಲು ಕಪ್ಪಾಗಿ ತೂತು ಬಿದ್ದಿತ್ತು. ಲವಂಗ ಇಟ್ಟು ಸಮಾಧಾನ ಮಾಡಿ, ಉಳಿದವರ ಬಾಯನ್ನೂ ತೆಗೆಸಿದೆ. ನಲವತ್ತು ಮಕ್ಕಳಲ್ಲಿ ಬೆಳ್ಳಗಿನ ಹಲ್ಲಿನವರು ಬೆರಳೆಣಿಕೆಯಷ್ಟು. ಉಜ್ಜುವವರು ಇದ್ದಿಲಲ್ಲೋ ಇಟ್ಟಿಗೆ ಪುಡಿಯಲ್ಲೋ ಉಜ್ಜುತ್ತಿದ್ದರು. ಉಳಿದವರು ಬಾಯಿಗೆ ಒಂದಿಷ್ಟು ನೀರು ಹಾಕಿ ಉಗಿದು ಬರುತ್ತಿದ್ದರು.

ಮರುದಿನದಿಂದ ಪ್ರಾರ್ಥನೆಗೆ ಮೊದಲು ಶಾಲೆಯ ಪಕ್ಕದ ಕಾಲುವೆಯ ದಂಡೆಯಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿದೆ. ಎಲ್ಲರ ಕೈಯಲ್ಲೂ ಬೇವಿನ ಕಡ್ಡಿ, ಪಕ್ಕದಲ್ಲಿ ಕುಡಿಯುವ ನೀರಿನ ಒಂದು ಬಿಂದಿಗೆ. ಮೊದಲು ಅಗಿಯುವುದು, ಆಮೇಲೆ ಮೇಲಿನ ಸಾಲು, ಕೆಳಗಿನ ಸಾಲು, ಒಳಗಡೆ, ಕೊನೆಗೆ ನಾಲಗೆ. ನಾನೂ ಅವರೆದುರು ಕೂತು ಉಜ್ಜುತ್ತಿದ್ದೆ. ನಮ್ಮ ಹೆಡ್ಮಾಸ್ಟರು ದೂರದಿಂದ ನೋಡಿ, ಬೇಡವೆನ್ನಲೂ ಆಗದೆ ಬೇಕೆನ್ನಲೂ ಆಗದೆ ಒಳಗೆ ಹೋಗಿ ಹಾಜರಿ ಪುಸ್ತಕ ತೆರೆದು ಕೂರುತ್ತಿದ್ದರು.

ಮೂರನೇ ದಿನವೇ ಯಜಮಾನರು ಶಾಲೆಗೆ ಬಂದರು. ಬಾಗಿಲಲ್ಲಿ ನಿಂತಾಗ ಒಳಗೆ ಬೆಳಕು ಕಡಿಮೆಯಾಯಿತು.

"ಏನ್ ಟೀಚರಮ್ಮಾರೆ, ಆಲೆಮನೆಗೆ ಓಗ್ಬ್ಯಾಡಿ ಅಂದ್ರಂತೆ ಮಕ್ಳಿಗೆ?"

"ಹೋಗಬೇಡಿ ಅಂದಿಲ್ಲ ಯಜಮಾನ್ರೇ. ಬೆಲ್ಲ ಬಾಯಲ್ಲಿಟ್ಟುಕೊಂಡು ತಿರುಗಬೇಡಿ, ತಿಂದ ಮೇಲೆ ಬಾಯಿ ತೊಳೀರಿ ಅಂದೆ."

"ಬೆಲ್ಲದಿಂದ ಅಲ್ಲು ಕೆಡಾಂಗಿದ್ರೆ ಈ ಊರಲ್ಲಿ ಒಬ್ರಿಗೂ ಅಲ್ಲಿರ್ತಿರ್ಲಿಲ್ಲ. ನಮ್ಮಪ್ಪ ಸಾಯಗಂಟ ಕಬ್ಬು ಸಿಗ್ದು ತಿಂದ. ನನ್ನೇ ನೋಡಿ, ಕಬ್ಬಿಣ!" ಎಂದು ಕೆನ್ನೆಯನ್ನು ಪಟಪಟನೆ ತಟ್ಟಿಕೊಂಡರು. ತಟ್ಟಿಕೊಂಡದ್ದು ಬಲಗೆನ್ನೆ.

ಸಂಜೆ ಈ ಮಾತನ್ನು ಅವ್ವನಿಗೆ ಹೇಳಿದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಮೂರು ತಿಂಗ್ಳಿಂದ ಬಲಗಡೇಲೇ ಅಗೀತಾವ್ರೆ ಕಣವ್ವ. ಮುದ್ದೆ ಆದ್ರೆ ನುಂಗ್ಬುಡ್ತಾರೆ, ಗೊತ್ತಾಗಕ್ಕಿಲ್ಲ. ಮೊನ್ನೆ ಅವರೆಕಾಳು ಸಾರು ಮಾಡುದ್ರೆ ಕಾಳೆಲ್ಲ ತಟ್ಟೇಲೇ ಬುಟ್ಟವ್ರೆ. ಕೇಳಕ್ಕೋದ್ರೆ ಉರ್ದು ಬೀಳ್ತಾರೆ."

ಮುಂದಿನ ಶನಿವಾರ ನಾನು ಬೆಳಗಿನ ಶಾಲೆ ಮುಗಿಸಿ ಬಂದಾಗ ಯಜಮಾನರು ಜಗುಲಿಯ ಮೇಲೆ ತಲೆಗೂ ಕೆನ್ನೆಗೂ ಸೇರಿಸಿ ಟವೆಲ್ಲು ಸುತ್ತಿಕೊಂಡು ಕೂತಿದ್ದರು. ಬಿಸಿಲು ಸುಡುತ್ತಿತ್ತು. "ಚಳಿ" ಎಂದರು. ಎಡಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿಹೋಗಿತ್ತು. ಅವ್ವ ಒಳಗಿನಿಂದ ಸೀರೆ ಉಟ್ಟು ತಯಾರಾಗಿಯೇ ಬಂದರು.

"ಏಳಿ, ಮಂಡ್ಯಕ್ಕೋಗವ."

"ನಾನು ಬರಾಕಿಲ್ಲ. ಕೊಪ್ಪರಿಗೆ ಒಲೆ ಮ್ಯಾಲದೆ."

"ಕೊಪ್ಪರಿಗೆ ನೋಡ್ಕಳಕ್ಕೆ ಆಳವ್ರೆ. ಮೊಕ ನೋಡ್ಕಳಕ್ಕೆ ಯಾರವ್ರೆ?"

ಅವರು ನನ್ನತ್ತ ನೋಡಿದರು. ನಾನು ಬೆಲ್ಲದ ಮಾತೆತ್ತಲಿಲ್ಲ. "ನಾನೂ ಬರ್ತೀನಿ ಯಜಮಾನ್ರೇ. ನನ್ನ ವಸಡನ್ನೂ ತೋರಿಸಬೇಕು" ಎಂದೆ. ಒಬ್ಬರೇ ರೋಗಿಯಾಗುವುದು ತಪ್ಪಿತೆಂದೋ ಏನೋ, ಎದ್ದರು. ಮೂವರೂ ಬಸ್ಸಿನಲ್ಲಿ ಮದ್ದೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮಂಡ್ಯಕ್ಕೆ ಹೋದೆವು. ದಾರಿಯುದ್ದಕ್ಕೂ ಬಸ್ಸು ಕುಲುಕಿದಾಗಲೆಲ್ಲ ಯಜಮಾನರು ಡ್ರೈವರನ ವಂಶವನ್ನೇ ಟವೆಲ್ಲಿನೊಳಗಿನಿಂದ ಬೈದರು.

ಹಲ್ಲಿನ ಡಾಕ್ಟರು ಒಬ್ಬ ತೆಳ್ಳನೆಯ ಹೆಂಗಸು. ಯಜಮಾನರ ಭುಜಕ್ಕೂ ಬರುತ್ತಿರಲಿಲ್ಲ. ಕುರ್ಚಿಯ ಮೇಲೆ ಕೂತ ಯಜಮಾನರು ಮೊದಲು ಕೇಳಿದ್ದು, "ಡಾಕ್ಟ್ರವ್ವಾ, ಇಕ್ಕಳ ಎಷ್ಟು ದೊಡ್ಡದು?"

ಡಾಕ್ಟರು ನಗದೆ ಅದನ್ನು ತೋರಿಸಿದರು. ಅವರು ಕಣ್ಣು ಮುಚ್ಚಿಕೊಂಡು ಕೈ ಚಾಚಿದರು. ಸಿಕ್ಕಿದ್ದು ಹತ್ತಿರ ನಿಂತಿದ್ದ ನನ್ನ ಕೈ. ಇಂಜೆಕ್ಷನ್ನು ಚುಚ್ಚಿದಾಗ ನನ್ನ ಎರಡು ಗಾಜಿನ ಬಳೆಗಳು ಪುಡಿಯಾದವು. ಅವ್ವ ಮೂಲೆಯಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಅಳುತ್ತಿದ್ದಾರೆಂದುಕೊಂಡೆ. ನಗು ತಡೆದುಕೊಳ್ಳುತ್ತಿದ್ದರು.

"ಕೀಳ್ತೀರಾ?" ಯಜಮಾನರು ಕೇಳಿದರು.

"ಕಿತ್ತಾಯ್ತು" ಎಂದು ಡಾಕ್ಟರು ತಟ್ಟೆ ತೋರಿಸಿದರು.

ಕಣ್ಣು ಬಿಟ್ಟು ಹಲ್ಲನ್ನು ನೋಡಿದ ಅವರ ಮುಖದಲ್ಲಿ ಕಂಡ ಅಚ್ಚರಿಯನ್ನು ನಾನು ಎಂದೂ ಮರೆಯಲಾರೆ. ಡಾಕ್ಟರು ಅವರನ್ನು ಕೂರಿಸಿಕೊಂಡು ಎಲ್ಲವನ್ನೂ ವಿಚಾರಿಸಿದರು. ಅವರು ಇದ್ದಿಲು ಪುಡಿಗೆ ಮರಳು ಬೆರೆಸಿ ಗಸಗಸ ತಿಕ್ಕುತ್ತಿದ್ದದ್ದು ಹೊರಬಿತ್ತು. ಬೆಳಗಿನಿಂದ ಸಂಜೆವರೆಗೆ ಒಂದೊಂದು ಕೊಪ್ಪರಿಗೆ ಇಳಿಸಿದಾಗಲೂ ರುಚಿ ನೋಡುತ್ತಿದ್ದದ್ದೂ ಹೊರಬಿತ್ತು.

"ರುಚಿ ನೋಡ್ದೆ ಬೆಲ್ಲ ಮಾಡಕ್ಕಾಯ್ತದಾ?" ಹತ್ತಿ ಕಚ್ಚಿಕೊಂಡೇ ವಾದ ಮಾಡಿದರು.

"ನೋಡಿ, ಬೇಡ ಅನ್ನಲ್ಲ. ನೋಡಿದ ತಕ್ಷಣ ನೀರು ಹಾಕಿ ಮುಕ್ಕಳಿಸಿ. ಹೊತ್ತೆಲ್ಲ ಸಿಹಿ ಬಾಯಲ್ಲಿದ್ದರೆ ಯಾವ ಹಲ್ಲೂ ತಡೆಯಲ್ಲ. ಆ ಮರಳು ಬಿಡಿ. ಮೆತ್ತಗೆ ಉಜ್ಜಿ. ಮಲಗೋ ಮುಂಚೆ ಇನ್ನೊಂದು ಸಲ ಉಜ್ಜಿ. ಇನ್ನೆರಡು ಹಲ್ಲು ಈಗ ತಾನೇ ಹುಳುಕಾಗ್ತಿವೆ, ಅವನ್ನ ಉಳಿಸಿಕೊಳ್ಳಬಹುದು."

ಆಮೇಲೆ ನನ್ನ ಬಾಯಿ ನೋಡಿದರು. "ವಸಡು ಚೆನ್ನಾಗಿದೆಯಲ್ಲ! ಏನು ಮಾಡಿದ್ರಿ?" ನಾನು ಅವ್ವನನ್ನು ತೋರಿಸಿ ಬೆರಕೆ ಸೊಪ್ಪಿನಿಂದ ಉಪ್ಪುನೀರಿನವರೆಗೆ ಎಲ್ಲ ಹೇಳಿದೆ. ಅವ್ವ ಬೀಗಿದರು. ಡಾಕ್ಟರು, "ಎಲ್ಲಿ, ನಿಮ್ಮ ಬಾಯಿ ನೋಡೋಣ ಬನ್ನಿ" ಎಂದರು. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಿದ್ದ ಅವ್ವ ಹಿಂದಕ್ಕೆ ಸರಿದರು. ಹೊಗೆಸೊಪ್ಪು ಒತ್ತಿಡುವ ಕಡೆ ಕೆನ್ನೆಯೊಳಗೆ ಬೆಳ್ಳಗಾಗಿತ್ತಂತೆ. "ಇವತ್ತಿಗೇ ನಿಲ್ಲಿಸಿದರೆ ಒಳ್ಳೇದು, ಆರು ತಿಂಗಳಿಗೆ ಬಂದು ತೋರಿಸಿ" ಎಂದು ಡಾಕ್ಟರು ನಗದೆ ಹೇಳಿದರು. ಈಗ ನಗುವ ಸರದಿ ಯಜಮಾನರದು, ಆದರೆ ಬಾಯಲ್ಲಿ ಹತ್ತಿ.

ವಾಪಸ್ಸು ಬರುವಾಗ ಮದ್ದೂರಿನಲ್ಲಿ ಬಸ್ಸಿಗೆ ಹೊತ್ತಿತ್ತು. ನಾನೂ ಅವ್ವನೂ ಬಿಸಿಬಿಸಿ ವಡೆ ತಿಂದೆವು. ಯಜಮಾನರು ತಣ್ಣನೆಯ ಮಜ್ಜಿಗೆ ಹಿಡಿದುಕೊಂಡು ನಮ್ಮ ಒಂದೊಂದು ತುತ್ತನ್ನೂ ಕಣ್ಣಲ್ಲೇ ಲೆಕ್ಕ ಹಾಕುತ್ತಿದ್ದರು. ಅವ್ವ ಬೇಕೆಂದೇ ಕರುಂಕುರುಂ ಸದ್ದು ಮಾಡಿ ತಿಂದರು.

ಸೋಮವಾರ ಮಕ್ಕಳು ಆಲೆಮನೆಗೆ ನುಗ್ಗಿದಾಗ ಬಾಗಿಲಲ್ಲೇ ಒಂದು ದೊಡ್ಡ ಹಂಡೆ ನೀರು, ಎರಡು ಚೊಂಬು. ಬೆಲ್ಲ ಕೊಟ್ಟು, ಅದು ಕರಗುವ ತನಕ ಎದುರಿಗೇ ನಿಲ್ಲಿಸಿಕೊಂಡು, ಯಜಮಾನರು ಗುಡುಗಿದರು: "ಮುಕ್ಕಳ್ಸ್ರಲಾ! ಮೂರು ಸಲ! ಬಾಯಿ ತೊಳೀದೆ ಓದವ್ನಿಗೆ ನಾಳೆ ಬೆಲ್ಲ ಇಲ್ಲ ಕಣ್ರಲಾ!" ಹಂಡೆಯ ಪಕ್ಕದಲ್ಲಿ ಸೀಬೆಕಾಯಿಯ ಒಂದು ಬುಟ್ಟಿಯೂ ಇತ್ತು, ಅದು ಅವ್ವನ ಕೆಲಸ. ನನ್ನ ಕಾಲುವೆ ದಂಡೆಯ ಸಾಲಿಗೆ ತಾಯಂದಿರೂ ಕೆಲವರು ಬಂದು ಕೂರತೊಡಗಿದರು.

ಹೊಗೆಸೊಪ್ಪು ಬಿಟ್ಟ ಅವ್ವನಿಗೆ ಮಾತ್ರ ಆ ಆರು ತಿಂಗಳು ಸುಲಭವಾಗಿರಲಿಲ್ಲ. ಮೊದಲ ವಾರ ಬೆಕ್ಕು, ಕೋಳಿ, ನಾನು, ಯಜಮಾನರು ಎಲ್ಲರೂ ಬೈಸಿಕೊಂಡೆವು. ಅವರ ಕೈ ಎಲೆ ಅಡಿಕೆಯ ಚೀಲದ ಕಡೆ ಹೋದಾಗ ನಾನು ಸೋಂಪು ಕೊಡುತ್ತಿದ್ದೆ. "ಇದ್ನ ತಿನ್ನಕ್ಕೆ ನಾನೇನು ಗುಬ್ಬಚ್ಚಿಯಾ?" ಎಂದು ಉಗಿಯುತ್ತಿದ್ದರು. ಎರಡು ಸಲ ಕದ್ದು ಹಾಕಿಕೊಂಡರು. ಎರಡು ಸಲವೂ ತಾವೇ ಬಂದು ಹೇಳಿ ಬೈಸಿಕೊಂಡರು. ಮಂಡ್ಯಕ್ಕೆ ಮತ್ತೆ ಹೋದಾಗ ಡಾಕ್ಟರು ಟಾರ್ಚು ಹಾಕಿ ಬಹಳ ಹೊತ್ತು ನೋಡಿ, "ಬಿಳುಪು ಹೋಗಿದೆ ಅವ್ವ, ವಾಸಿಯಾಗಿದೆ" ಎಂದರು. ಅವ್ವ ಡಾಕ್ಟರ ಕೆನ್ನೆ ಸವರಿ ಲಟಿಕೆ ಮುರಿದರು. ಆಚೆ ಬಂದ ಮೇಲೆ ಯಜಮಾನರು ಯಾರಿಗೂ ಕಾಣದ ಹಾಗೆ ಟವೆಲ್ಲಿನ ತುದಿಯಿಂದ ಕಣ್ಣೊರೆಸಿಕೊಂಡರು.

ಆ ಶಾಲಾ ವರ್ಷದ ಕೊನೆಗೆ ಗ್ರೂಪ್ ಫೋಟೊ ತೆಗೆಯಲು ಮದ್ದೂರಿನಿಂದ ಒಬ್ಬರು ಬಂದರು. ಆಗೆಲ್ಲ ಫೋಟೊ ಅಂದರೆ ಬಿಗಿದ ತುಟಿ, ನೆಟ್ಟ ಕಣ್ಣು. ಕಪ್ಪು ಬಟ್ಟೆಯೊಳಗಿನಿಂದ ತಲೆ ಹೊರಹಾಕಿ ಆತ ಮತ್ತೆ ಮತ್ತೆ ಕೂಗಿದ: "ಬಾಯ್ ಮುಚ್ಕಳ್ರೋ! ಅಲ್ಲು ಕಾಣ್ತಾವೆ!"

"ಕಾಣ್ಲಿ ಬುಡಯ್ಯ, ಅದ್ಕೇ ಉಜ್ಜಿರಾದು" ಎಂದರು ಅವ್ವ ಹಿಂದಿನಿಂದ.

ನಲವತ್ತು ಮಕ್ಕಳೂ ಹಲ್ಲು ಕಿಸಿದರು. ಹಿಂದಿನ ಸಾಲಿನಲ್ಲಿ ನಿಂತ ಯಜಮಾನರು ಮೀಸೆ ಮೇಲೆತ್ತಿ, ಎಡಗಡೆಯ ಸಂದಿಯೂ ಕಾಣುವ ಹಾಗೆ ನಕ್ಕರು. ಹೆಡ್ಮಾಸ್ಟರು ಕೂಡ ಸ್ವಲ್ಪ ಬಾಯಿ ಬಿಟ್ಟರು. ಆ ಫೋಟೊ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ನನ್ನ ಮುಖ ಮಾತ್ರ ಸರಿಯಾಗಿ ಬಿದ್ದಿಲ್ಲ. ಅವ್ವನ ಮಾತಿಗೆ ನಗುತ್ತಾ ಹಿಂದಕ್ಕೆ ತಿರುಗಿಬಿಟ್ಟಿದ್ದೆ.